ಗಾಳಿ0, ತಂತಿ0: ನೆಟ್‌ವರ್ಕ್ ಹೆಸರುಗಳನ್ನು ನಾನೇ ಇಟ್ಟು ಮೂರು ವರ್ಷ

ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಕಾರ್ಡಿನ ಹೆಸರು ಗಾಳಿ0. ಈಥರ್ನೆಟ್ ಪೋರ್ಟಿನದು ತಂತಿ0. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಆದರೂ ನೋಡಿದಾಗಲೆಲ್ಲ ಖುಷಿ. ಲಿನಕ್ಸ್ ಶುರುವಾದಾಗ ಉಳಿದೆಲ್ಲವನ್ನೂ ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ ಡಾಟ್ ಲಿಂಕ್ (.link) ಫೈಲಿನಿಂದ ಇಟ್ಟ ಹೆಸರುಗಳಿವು. ಮೂರು ವರ್ಷ ಬಳಸಿದ ಮೇಲೆ 5ಕ್ಕೆ 4 ಅಂಕ ಕೊಡುತ್ತೇನೆ.

ಮೊದಲು ನಾನೂ ಇದರ ಗೊಡವೆಗೆ ಹೋಗಿರಲಿಲ್ಲ. 2013ರಲ್ಲಿ ಸಿಸ್ಟಮ್‌ಡಿ 197 ಬಂದಾಗಿನಿಂದ ಈಥ್0 (ಈಥರ್ನೆಟ್), ಡಬ್ಲ್ಯುಲ್ಯಾನ್0 (ವೈಫೈ) ಎಂಬ ಹಳೇ ಹೆಸರುಗಳು ಹೋಗಿ ಡಬ್ಲ್ಯುಎಲ್‌ಪಿ2ಎಸ್0 ತರಹದ ಹೆಸರುಗಳು ಬಂದಿವೆ. ಡಬ್ಲ್ಯುಎಲ್ ಅಂದರೆ ವೈಫೈ, ಪಿ2 ಅಂದರೆ ಪಿಸಿಐ ಬಸ್ (ಕಾರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸುವ ದಾರಿ) 2, ಎಸ್0 ಅಂದರೆ ಸ್ಲಾಟ್ 0. ಇವು ಬದಲಾಗುವುದಿಲ್ಲ ಎಂದೇ ನಂಬಿದ್ದೆ.

ಒಂದು ದಿನ ಲ್ಯಾಪ್‌ಟಾಪ್‌ಗೆ ಎರಡನೇ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದೆ, ಇದೂ ಪಿಸಿಐಗೇ ಸೇರುವ ಡಿಸ್ಕ್. ಬಸ್ ನಂಬರುಗಳು ಒಂದೊಂದು ಮುಂದೆ ಸರಿದವು. ಡಬ್ಲ್ಯುಎಲ್‌ಪಿ2ಎಸ್0 ಇದ್ದದ್ದು ಡಬ್ಲ್ಯುಎಲ್‌ಪಿ3ಎಸ್0 ಆಯಿತು. ಇಂಟರ್ನೆಟ್ ಸರಿಯಾಗೇ ಬರುತ್ತಿತ್ತು. ಆದರೆ ಫೈರ್‌ವಾಲ್ ನಿಯಮಗಳಲ್ಲಿ ಹಳೇ ಹೆಸರಿತ್ತು, ಹಾಗಾಗಿ ಬೇರೆ ಕಂಪ್ಯೂಟರಿನಿಂದ ಇದಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಬಂದ್. ಎಸ್‌ಎಸ್‌ಡಿ ಹಾಕಿದ್ದಕ್ಕೂ ವೈಫೈಗೂ ಏನು ಸಂಬಂಧ ಅಂತ ಯಾರಿಗೆ ಹೊಳೆಯುತ್ತದೆ? ಅರ್ಧ ಸಂಜೆ ಹೋಯಿತು. ಆಮೇಲೆ ಅರ್ಥವಾಯಿತು: ಆ ಹೆಸರು ಕಾರ್ಡು ಎಲ್ಲಿ ಕೂತಿದೆ ಅಂತ ಹೇಳುತ್ತದೆ, ಯಾವ ಕಾರ್ಡು ಅಂತಲ್ಲ. ಬಸ್ಸಿನಲ್ಲಿ ಕೂತವರನ್ನು ಸೀಟ್ ನಂಬರಿನಿಂದ ಕರೆದ ಹಾಗೆ.

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೂಟ್ ಆಗುವಾಗ ನೆಟ್ ಡಾಟ್ ಇಫ್‌ನೇಮ್ಸ್ ಸೊನ್ನೆ (net.ifnames=0) ಅಂತ ಕೊಟ್ಟು ಹಳೇ ಹೆಸರಿಗೇ ಮರಳುವುದು ಸುಲಭದ ದಾರಿ. ಅದನ್ನೂ ಕೆಲವು ತಿಂಗಳು ನೋಡಿದೆ. ಒಂದೇ ಈಥರ್ನೆಟ್ ಇದ್ದಾಗ ಏನೂ ತೊಂದರೆ ಇಲ್ಲ. ಇನ್ನೊಂದು ಈಥರ್ನೆಟ್ ಪೋರ್ಟ್ ಇರುವ ಡಾಕ್ ಸಿಕ್ಕಿಸಿ ಎರಡಾದಾಗ, ಮೊದಲು ಎದ್ದವರಿಗೆ ಈಥ್0. ಮತ್ತೆ ಅದೇ ಕಥೆ.

ಡಾಟ್ ಲಿಂಕ್ ಫೈಲು ನಾಲ್ಕು ಸಾಲಿನದು. /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಒಳಗೆ ಇಡಬೇಕು. ಮ್ಯಾಚ್ ಭಾಗದಲ್ಲಿ ಕಾರ್ಡಿನ ಪರ್ಮನೆಂಟ್ ಮ್ಯಾಕ್ ಅಡ್ರೆಸ್ (ಕಾರ್ಡಿಗೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆ), ಲಿಂಕ್ ಭಾಗದಲ್ಲಿ ಹೆಸರು, ಅಷ್ಟೇ. ಬರೀ ಮ್ಯಾಕ್ ಅಡ್ರೆಸ್ ಅಂತ ಬರೆಯಬೇಡಿ, ವೈಫೈ ಮ್ಯಾಕ್ ಬದಲಿಸಿಕೊಳ್ಳುವ ಸೆಟ್ಟಿಂಗ್ ಇದ್ದರೆ ಅದು ಕೈಕೊಡಬಹುದು. ಫೈಲಿನ ಹೆಸರು 10ರಿಂದ ಶುರುವಾಗಲಿ. ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನೋಡಲಾಗುತ್ತದೆ, ಕಾರ್ಡಿಗೆ ಮೊದಲು ಹೊಂದಿದ ಫೈಲು ಮಾತ್ರ ಲೆಕ್ಕಕ್ಕೆ ಬರುತ್ತದೆ, ಸಿಸ್ಟಮ್‌ಡಿಯ ಸ್ವಂತ ಫೈಲಿನ ಹೆಸರು 99ರಿಂದ ಶುರುವಾಗುತ್ತದೆ. ಹೆಸರು 15 ಅಕ್ಷರ ಮೀರಬಾರದು. ಈಥ್0 ಅಂತಲೇ ಇಡಲು ಹೋಗಬೇಡಿ, ಕರ್ನಲ್ ಕೂಡ ಅದೇ ಹೆಸರಿಗೆ ಕೈ ಹಾಕುತ್ತಿರುತ್ತದೆ.

ಒಂದು ವಿಷಯ ತಡವಾಗಿ ಗೊತ್ತಾಯಿತು. ನಮ್ಮ ಫೈಲು ಹೊಂದಿದರೆ 99ರದ್ದು ಪೂರ್ತಿ ಪಕ್ಕಕ್ಕೆ ಹೋಗುತ್ತದೆ. ಅದರ ಜೊತೆ, ಅದೇ ಕಾರ್ಡನ್ನು ಕರೆಯಲು ಸಿಗುತ್ತಿದ್ದ ಪರ್ಯಾಯ ಹೆಸರುಗಳೂ ಹೋಗುತ್ತವೆ. ಆಲ್ಟರ್ನೇಟಿವ್ ನೇಮ್ಸ್ ಪಾಲಿಸಿಗೆ ಪಾತ್ ಅಂತ ಒಂದು ಸಾಲು ಸೇರಿಸಿದೆ. ಈಗ ಗಾಳಿ0 ಜೊತೆಗೆ ಡಬ್ಲ್ಯುಎಲ್‌ಪಿ3ಎಸ್0 ಅಂದರೂ ನೆಟ್‌ವರ್ಕ್ ನೋಡುವ ಐಪಿ (ip) ಕಮಾಂಡ್ ಗುರುತಿಸುತ್ತದೆ.

ಒಂದು ಅಂಕ ಕಳೆದಿದ್ದು ಇನಿಟ್‌ರಾಮ್‌ಎಫ್‌ಎಸ್‌ಗೆ, ಅಂದರೆ ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರುವ ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮ್‌ಗೆ. ತಂತಿ0 ಅಂತ ಬರೆದು ರೀಬೂಟ್ ಮಾಡಿದೆ, ಬದಲಾಗಲಿಲ್ಲ. ಕಾಗುಣಿತ ನೋಡಿದೆ, ಮ್ಯಾಕ್ ನೋಡಿದೆ, ಮತ್ತೆ ರೀಬೂಟ್. ಈಥರ್ನೆಟ್ ಡ್ರೈವರ್ ಬೂಟ್‌ನ ಶುರುವಿನಲ್ಲೇ, ಇನಿಟ್‌ರಾಮ್‌ಎಫ್‌ಎಸ್ ಒಳಗೆ ಲೋಡ್ ಆಗಿ ಅಲ್ಲೇ ಹೆಸರು ಪಡೆಯುತ್ತಿತ್ತು. ಅಲ್ಲಿ ನನ್ನ ಫೈಲು ಇರಲೇ ಇಲ್ಲ! ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಿದ ಮೇಲೆ ಸರಿಹೋಯಿತು. ಯಾವ ಎರರ್ ಕೂಡ ಕಣ್ಣಿಗೆ ಬೀಳಲಿಲ್ಲ, ಅದೇ ಸಿಟ್ಟು.

ಫೋನಿನ ಯುಎಸ್‌ಬಿ ಟೆದರಿಂಗ್ (ಕೇಬಲಿನಲ್ಲಿ ಫೋನಿನ ಇಂಟರ್ನೆಟ್ ಬಳಸುವುದು) ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ನನ್ನ ಫೋನು ಪ್ರತಿ ಸಲ ಹೊಸ ಮ್ಯಾಕ್ ತೋರಿಸುತ್ತದೆ. ಹಾಗಾಗಿ ಮ್ಯಾಕ್ ಬಿಟ್ಟು ಡ್ರೈವರ್ ಹೆಸರಿನಿಂದ ಹಿಡಿದಿದ್ದೇನೆ. ಎರಡು ಫೋನು ಒಟ್ಟಿಗೆ ಸಿಕ್ಕಿಸಿದರೆ ಎರಡನೆಯದಕ್ಕೆ ಆ ಹೆಸರು ಸಿಗುವುದಿಲ್ಲ. ಹಾಗೆ ಸಿಕ್ಕಿಸುವವರು ಯಾರು, ಅಲ್ವಾ?

ಮೊನ್ನೆ ಹಳೇ ವೈಫೈ ಕಾರ್ಡ್ ತೆಗೆದು ಹೊಸದು ಹಾಕಿದೆ. ಫೈಲಿನಲ್ಲಿ ಮ್ಯಾಕ್ ಸಾಲು ಒಂದನ್ನೇ ಬದಲಿಸಿದೆ. ಗಾಳಿ0 ಎದ್ದು ಬಂತು. ಫೈರ್‌ವಾಲ್ ಮುಟ್ಟಲೇ ಇಲ್ಲ.