ಗೇರುಬೀಜ ಕಾರ್ಖಾನೆ ಮೇಲ್ವಿಚಾರಕರ ತರಬೇತಿ, ಮಂಗಳೂರು: ಮಧ್ಯಾಹ್ನದ ಪಾಠಕ್ಕಾಗಿ ಹೋಗಿ
ಈ ಒಂದು ದಿನದ ತರಬೇತಿಯಲ್ಲಿ ಬೆಳಗ್ಗಿನ ಭಾಷಣ ಸಾಧಾರಣ. ತೀರ್ಮಾನಕ್ಕೆ ಮೊದಲು ಕೆಲಸಗಾರರನ್ನೇ ಕೇಳಿ ತಿಳಿಯುವ ಮಧ್ಯಾಹ್ನದ ಅಭ್ಯಾಸವೇ ಜೀವಾಳ. ತಟ್ಟೆಯಲ್ಲಿ ಸಿಪ್ಪೆ ಸುಲಿದ ತಿರುಳು, ಅರ್ಧಕ್ಕರ್ಧ ತುಂಡು. ಕಾರಣವೇನು? ಹೆಚ್ಚಿನವರು ಸುಲಿಯುವವರ ಕೈಯನ್ನೇ ದೂರುತ್ತಾರೆ. ‘ಅಕ್ಕಾ, ಸಿಪ್ಪೆ ಎಲ್ಲಿ ಅಂಟುತ್ತಿದೆ?’ ಎಂದು ಕೇಳಿದಾಗಲೇ ಬೋರ್ಮಾದ (ತಿರುಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ಗೂಡಿನ) ತಪ್ಪು ಹೊರಬೀಳುವುದು: ಒಣಗಿದ್ದು ಸಾಲದಿದ್ದರೆ ಸಿಪ್ಪೆ ಬಿಡದು, ಅತಿಯಾದರೆ ತಿರುಳು ಒಡೆಯುತ್ತದೆ. ಮೊದಲು 3 ಪ್ರಶ್ನೆ, ಆಮೇಲೆ ಒಂದೇ ತೀರ್ಮಾನ, ಅದನ್ನು ಮತ್ತೆ ಪರಿಶೀಲಿಸುವ ಹೊತ್ತು ಆಗಲೇ ನಿಗದಿ. ಕೇಳುತ್ತಲೇ ಕೂತರೆ ಪಾಳಿ ಹಾಳು. ಬೆಂಕಿ, ಯಂತ್ರದ ಅಪಾಯವಿದ್ದಲ್ಲಿ ಪ್ರಶ್ನೆ ಬೇಡ, ಆಜ್ಞೆಯೇ ಸರಿ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದು ನಿಜಕ್ಕೂ ಮೆಚ್ಚಬೇಕಾದ್ದು. ಆದರೆ 40 ಜನಕ್ಕೆ ಒಬ್ಬರೇ ತರಬೇತುದಾರರು ಸಾಲದು. ಹಿಂದಿನ ಸಾಲಿನವರಿಗೆ ತಟ್ಟೆಯೇ ಕಾಣುವುದಿಲ್ಲ. ಗುಂಪು 15 ದಾಟಬಾರದು.