ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್‌ಗೆ ಪೆಂಟೋಡ್ ಜೋಡಿಸುವ ಮುನ್ನ ಇದನ್ನು ಓದಿ

ಚೆನ್ನಾಗಿಯೇ ಹಾಡುತ್ತಿದ್ದ ಆಂಪ್ಲಿಫೈಯರ್ ಒಂದನ್ನು ಕೈಯಾರೆ ಕೆಡಿಸಿದ ಕಥೆ ಇದು. ಟ್ಯೂಬ್ ಆಂಪ್ಲಿಫೈಯರ್ ಕಟ್ಟುವ ಹುಚ್ಚಿರುವವರು ಇಷ್ಟನ್ನು ಓದಿಕೊಂಡು ಆಮೇಲೆ ಬೆಸುಗೆಗೆ ಕೂರಲಿ.

ಔಟ್‌ಪುಟ್ ಟ್ಯೂಬನ್ನು ನಡೆಸುವ ಡ್ರೈವರ್ ಜಾಗದಲ್ಲಿ 6ಎಸ್‌ಎನ್7 ಎಂಬ ಜೋಡಿ ಟ್ರಯೋಡಿನ (ಮೂರು ಎಲೆಕ್ಟ್ರೋಡಿನ ಟ್ಯೂಬ್) ಒಂದು ಅರ್ಧವಿತ್ತು. ಅದರ ಸಿಗ್ನಲ್ಲನ್ನು ಮುಂದಿನ ಹಂತಕ್ಕೆ ದಾಟಿಸುತ್ತಿದ್ದದ್ದು ಇಂಟರ್‌ಸ್ಟೇಜ್ ಟ್ರಾನ್ಸ್‌ಫಾರ್ಮರ್. ಆ ಟ್ರಯೋಡಿನ ವರ್ಧನೆ 20ರ ಆಸುಪಾಸು. ಸಾಲದು ಎನಿಸಿ 6ಎಯು6 ಎಂಬ ಪೆಂಟೋಡ್ (ಐದು ಎಲೆಕ್ಟ್ರೋಡಿನ ಟ್ಯೂಬ್) ಹಾಕಲು ಹೊರಟೆ. ಎರಡರ ಪ್ಲೇಟ್ (ಎಲೆಕ್ಟ್ರಾನುಗಳು ಬಂದು ಸೇರುವ ಎಲೆಕ್ಟ್ರೋಡ್) ಕರೆಂಟೂ ಹೆಚ್ಚುಕಡಿಮೆ 10 ಮಿಲಿಆಂಪಿಯರ್. ಟ್ರಾನ್ಸ್‌ಫಾರ್ಮರಿನ ಕೋರ್ ಕಾಂತೀಯವಾಗಿ ತುಂಬಿಹೋಗದಂತೆ ಗ್ಯಾಪ್ ಬಿಟ್ಟಿದ್ದೂ ಅಷ್ಟೇ ಕರೆಂಟಿಗೆ. ಇನ್ನೇನು ತೊಂದರೆ ಎಂದುಕೊಂಡೆ. ಡೇಟಾಶೀಟಿನಲ್ಲಿ ಪ್ಲೇಟ್ ರೋಧದ (ಟ್ಯೂಬಿನ ಒಳರೋಧ) ಸಾಲು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ: ಟ್ರಯೋಡಿಗೆ 7.7 ಕಿಲೋಓಮ್, ಪೆಂಟೋಡಿಗೆ ಸುಮಾರು 1 ಮೆಗಾಓಮ್.

ಮೊದಲ ಹಾಡಿಗೇ ಪಿಯಾನೋದ ಎಡಗೈ, ಅಂದರೆ ಮಂದ್ರಸ್ವರ, ಮಾಯವಾಗಿತ್ತು. ಗಾಯಕಿ ತಗಡಿನ ಡಬ್ಬದೊಳಗೆ ನಿಂತು ಹಾಡಿದಂತಿತ್ತು. ಸಿಗ್ನಲ್ ಜನರೇಟರ್ ಹಚ್ಚಿ ಅಳೆದೆ. 20 ಹರ್ಟ್ಸ್‌ನಲ್ಲಿ ವರ್ಧನೆ 30, 100 ಹರ್ಟ್ಸ್‌ನಲ್ಲಿ 150. ಅಲ್ಲಿಂದ ಏರುತ್ತಲೇ ಹೋಗಿ 1 ಕಿಲೋಹರ್ಟ್ಸ್ ದಾಟಿದ ಮೇಲೆ ಒಂದು ದೊಡ್ಡ ಗೋಪುರ, ಆಚೆಗೆ ಇಳಿಜಾರು.

ತಪ್ಪು ಟ್ರಾನ್ಸ್‌ಫಾರ್ಮರಿನದಲ್ಲ. ‘20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್’ ಎಂಬ ಭರವಸೆಯ ಪಕ್ಕದಲ್ಲಿಯೇ, 5 ಕಿಲೋಓಮ್ ಒಳರೋಧದ ಮೂಲದಿಂದ ನಡೆಸಿದಾಗ ಮಾತ್ರ ಎಂದು ಸಣ್ಣಕ್ಷರದಲ್ಲಿತ್ತು. ಟ್ಯೂಬಿನ ಕಡೆಯ ಸುರುಳಿ, ಅಂದರೆ ಪ್ರೈಮರಿಯ ಇಂಡಕ್ಟನ್ಸ್ 50 ಹೆನ್ರಿ. 20 ಹರ್ಟ್ಸ್‌ನಲ್ಲಿ ಅದು ಸಿಗ್ನಲ್ಲಿಗೆ ಒಡ್ಡುವ ತಡೆ ಬರೀ 6.3 ಕಿಲೋಓಮ್. ಟ್ರಯೋಡ್ ಇಷ್ಟನ್ನು ನಿಭಾಯಿಸುತ್ತದೆ. ಪೆಂಟೋಡ್ ಹಾಗಲ್ಲ, ಅದು ಕರೆಂಟನ್ನು ಮಾತ್ರ ತಳ್ಳುತ್ತದೆ. ವೋಲ್ಟೇಜ್ ಎಷ್ಟು ಬರಬೇಕೆಂಬುದು ಎದುರಿಗಿರುವ ಹೊರೆಗೆ ಬಿಟ್ಟದ್ದು. ಆವರ್ತನ ಏರಿದಂತೆ ಹೊರೆಯೂ ಏರುತ್ತದೆ, ಜೊತೆಗೆ ವರ್ಧನೆಯೂ. ಸುರುಳಿಯ ಕೆಲವು ನೂರು ಪಿಕೋಫ್ಯಾರಡ್ ಧಾರಕತೆ ಆ 50 ಹೆನ್ರಿಯೊಡನೆ ಅನುರಣಿಸುವುದು ಮಧ್ಯಸ್ಥಾಯಿಯಲ್ಲೇ. ಟ್ರಯೋಡಿನ ಕಡಿಮೆ ರೋಧ ಇದನ್ನು ಅದುಮಿಟ್ಟಿತ್ತು, ನಾನು ಅದನ್ನೇ ಕಿತ್ತು ಹಾಕಿದ್ದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಹೆಚ್ಚುವರಿ ವರ್ಧನೆ ಹೇಗೂ ಇದೆ, ಸ್ಪೀಕರ್ ಕಡೆಯಿಂದ ಸಿಗ್ನಲ್ಲಿನ ಪಾಲೊಂದನ್ನು ತಲೆಕೆಳಗು ಮಾಡಿ ಹಿಂದಕ್ಕೆ ಮರಳಿಸಿ ನೆಗೆಟಿವ್ ಫೀಡ್‌ಬ್ಯಾಕ್ ಕೊಟ್ಟರೆ ಎಲ್ಲ ಸಮವಾದೀತು ಎಂಬ ದುರ್ಬುದ್ಧಿ ಬಂತು. ಒಂದು ಸರ್ಕ್ಯೂಟಿನಲ್ಲಿ ಎರಡು ಟ್ರಾನ್ಸ್‌ಫಾರ್ಮರ್, ಇದೊಂದು, ಸ್ಪೀಕರಿಗೆ ಮುನ್ನ ಇನ್ನೊಂದು! ಕೆಳಗಿನ ತುದಿಯಲ್ಲಿಯೂ ಮೇಲಿನ ತುದಿಯಲ್ಲಿಯೂ ಎರಡೂ ಸೇರಿ ಫೇಸನ್ನು ತಿರುಗಿಸಿ, ನೆಗೆಟಿವ್ ಅಂದುಕೊಂಡದ್ದನ್ನು ಪಾಸಿಟಿವ್ ಮಾಡಿಬಿಟ್ಟವು. ವೂಫರಿನ ಕೋನ್ ಸದ್ದಿಲ್ಲದೆ ಒಳಗೆ ಹೊರಗೆ ಉಸಿರಾಡತೊಡಗಿತು. ನಾನು ಅದನ್ನೇ ಬೆರಗಿನಿಂದ ನೋಡುತ್ತಿದ್ದರೆ, ಕಿವಿಗೆ ಕೇಳದ ಆವರ್ತನದಲ್ಲಿ ಟ್ವೀಟರ್ ಬೇಯುತ್ತಿತ್ತು.

ಗಾಬರಿಯಲ್ಲಿ ಫೀಡ್‌ಬ್ಯಾಕ್ ತಂತಿ ಕಿತ್ತೆ. ಇನ್‌ಪುಟ್ಟಿನ ಸಿಗ್ನಲ್ ತಗ್ಗಿಸುವುದು ಮರೆಯಿತು. ವರ್ಧನೆ ಒಮ್ಮೆಲೇ ಏರಿ ಪೆಂಟೋಡ್ ಕಟ್-ಆಫ್‌ಗೆ ಬಿತ್ತು, ಅಂದರೆ ಅದರ ಕರೆಂಟ್ ಪೂರ್ತಿ ನಿಂತಿತು. 50 ಹೆನ್ರಿಯಲ್ಲಿ ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ನಿಲ್ಲಿಸಿದರೆ ಲೆಕ್ಕದ ಪ್ರಕಾರ ಸಾವಿರಾರು ವೋಲ್ಟ್ ಏಳಬಲ್ಲದು. ಟ್ರಯೋಡ್ ಆಗಿದ್ದರೆ ಪ್ಲೇಟ್ ವೋಲ್ಟೇಜ್ ಮೇಲೇರುತ್ತಿದ್ದಂತೆ ತಾನೇ ಮತ್ತೆ ಹರಿಯಲು ತೊಡಗಿ ಅದನ್ನು ತಡೆಯುತ್ತಿತ್ತು. ಪೆಂಟೋಡಿಗೆ ಪ್ಲೇಟಿನ ಹಂಗೇ ಇಲ್ಲ. ‘ಚಟ್’ ಎಂಬ ಸದ್ದು, ಸುಟ್ಟ ವಾರ್ನಿಷ್ ವಾಸನೆ. ಪವರ್ ಕಿತ್ತು, ಕೆಪಾಸಿಟರುಗಳನ್ನು ಬರಿದು ಮಾಡಿ ಮೀಟರ್ ಇಟ್ಟೆ. ಪ್ರೈಮರಿ ತುಂಡಾಗಿತ್ತು. ಕೂದಲಿನಷ್ಟು ಸಪೂರ ತಂತಿ, ಒಳಪದರದಲ್ಲಿ. ರಿಪೇರಿಯ ಮಾತೇ ಇಲ್ಲ.

ಪ್ರೈಮರಿಗೆ ಅಡ್ಡಲಾಗಿ 10 ಕಿಲೋಓಮ್ ರೆಸಿಸ್ಟರ್ ಹಾಕಿದರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ, ಬಾಸ್ ಮರಳುತ್ತದೆ, ಗೋಪುರ ಕುಸಿಯುತ್ತದೆ. ಆದರೆ ವರ್ಧನೆ 50ಕ್ಕೆ ಇಳಿಯುತ್ತದೆ, ಪೆಂಟೋಡಿನ ಸಿಗ್ನಲ್ ಕರೆಂಟಿನಲ್ಲಿ ಬಹುಪಾಲು ಆ ರೆಸಿಸ್ಟರನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ನನಗಂತೂ ಅದು ಸರಿಕಾಣಲಿಲ್ಲ.

ಹೊಸ ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಅದೇ 6ಎಯು6ರ ಸ್ಕ್ರೀನ್ ಗ್ರಿಡ್ಡನ್ನು (ಒಳಗಿನ ಎರಡನೆಯ ಗ್ರಿಡ್) 100 ಓಮ್ ಮೂಲಕ ಪ್ಲೇಟಿಗೆ ಕಟ್ಟಿ ಟ್ರಯೋಡ್ ಮಾಡಿಕೊಂಡೆ. ಪ್ಲೇಟ್ ರೋಧ ಸುಮಾರು 7.5 ಕಿಲೋಓಮ್‌ಗೆ ಇಳಿಯಿತು, ವರ್ಧನೆ 35ರ ಹತ್ತಿರ ಸಿಕ್ಕಿತು. ನನಗೆ ಬೇಕಾಗಿದ್ದದ್ದೂ ಅಷ್ಟೇ.