ಓಪನ್‌ಬಿಎಸ್‌ಡಿ ಪ್ಯಾಚ್‌ಗಳು: ಒಂಬತ್ತು ವರ್ಷ ಹಾಕಿಕೊಂಡು ಬಂದವನ ಅನುಭವ

ಶಿವಮೊಗ್ಗದಲ್ಲಿ ನಮ್ಮ ಭಾವನ ಆಡಿಟರ್ ಆಫೀಸ್ ಇದೆ. ಹನ್ನೊಂದು ಕಂಪ್ಯೂಟರ್, ಎರಡು ಪ್ರಿಂಟರ್, ಟ್ಯಾಲಿ ಓಡುವ ಒಂದು ಹಳೇ ಸರ್ವರ್. ಇಷ್ಟಕ್ಕೂ ಹೊರಗಿನ ಇಂಟರ್ನೆಟ್‌ಗೂ ನಡುವೆ, ಫೈಲುಗಳ ಬೀರುವಿನ ಮೇಲೆ, ಅಂಗೈ ಅಗಲದ ಒಂದು ಕಪ್ಪು ಡಬ್ಬಿ ಕೂತಿದೆ. ಅದರೊಳಗೆ ಓಡುತ್ತಿರುವುದು ಓಪನ್‌ಬಿಎಸ್‌ಡಿ ಅನ್ನೋ ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಂ. 2016ರಲ್ಲಿ 6.0 ಬಂದಾಗ ಹಾಕಿದ್ದು ನಾನೇ, ಇವತ್ತಿಗೂ ಬೆಂಗಳೂರಲ್ಲಿ ಕೂತು ನೋಡಿಕೊಳ್ಳುತ್ತಿರುವುದೂ ನಾನೇ. ಸಂಬಳ ಏನೂ ಇಲ್ಲ, ಊರಿಗೆ ಹೋದಾಗ ಅಕ್ಕ ಮಾಡಿ ಹಾಕುವ ಕಡುಬು ಅಷ್ಟೇ.

ಇದರ ಫೈರ್‌ವಾಲ್ ಎಷ್ಟು ಚೆಂದ, ಮ್ಯಾನ್ ಪೇಜ್ (ಜೊತೆಗೇ ಬರುವ ಕೈಪಿಡಿ) ಎಷ್ಟು ಚೆಂದ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ವಿಷಯ ಹೇಳುತ್ತೇನೆ. ಹಾಕಿದ ಮೇಲೆ ರಿಪೇರಿ ಹೇಗೆ ಬರುತ್ತೆ? ಅಂದರೆ ಪ್ಯಾಚ್. ಒಂದು ಓಎಸ್ ಜೊತೆ ವರ್ಷಗಟ್ಟಲೆ ಸಂಸಾರ ಮಾಡಬಹುದಾ ಇಲ್ವಾ ಅಂತ ಗೊತ್ತಾಗೋದೇ ಅಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಥಿಯೋ ಡಿ ರಾಟ್ 1995ರಲ್ಲಿ ನೆಟ್‌ಬಿಎಸ್‌ಡಿ ಅನ್ನೋ ಇನ್ನೊಂದು ಓಎಸ್‌ನಿಂದ ಬೇರೆಯಾಗಿ ಶುರು ಮಾಡಿದ್ದು ಇದು, ಕೆನಡಾದ ಕ್ಯಾಲ್ಗರಿ ಇದರ ಮನೆ. ಆರು ತಿಂಗಳಿಗೊಂದು ಹೊಸ ಆವೃತ್ತಿ. ಇತ್ತೀಚಿನ ಎರಡು ಆವೃತ್ತಿಗಳಿಗೆ ಮಾತ್ರ ಪ್ಯಾಚ್ ಸಿಗುತ್ತೆ, ಹಾಗಾಗಿ ಒಂದೊಂದಕ್ಕೂ ಒಂದು ವರ್ಷದ ಆಯಸ್ಸು. ಪ್ರತಿ ಆವೃತ್ತಿಗೂ ಎರಾಟಾ ಅಂತ ಒಂದು ಪಟ್ಟಿ ಇರುತ್ತೆ: 001, 002, 003 ಹೀಗೆ ನಂಬರ್, ತಾರೀಖು, ಯಾವ ಪ್ರೊಸೆಸರ್‌ಗೆ ಬೇಕು ಅನ್ನೋದು, ಪಕ್ಕದಲ್ಲಿ ಒಂದು ಚೀಟಿ. ಆ ಚೀಟಿ ಸಾಮಾನ್ಯವಾಗಿ ಎರಡೇ ಥರ. "ಸೆಕ್ಯೂರಿಟಿ ಫಿಕ್ಸ್" ಅಂದರೆ ಯಾರೋ ಒಳಗೆ ನುಗ್ಗಬಹುದು. "ರಿಲಯಬಿಲಿಟಿ ಫಿಕ್ಸ್" ಅಂದರೆ ಮೆಷಿನ್ ಬಿದ್ದುಹೋಗಬಹುದು, ಇಲ್ಲಾ ನೇತಾಡಿಕೊಂಡು ನಿಲ್ಲಬಹುದು. ಕೆಳಗೆ ಎರಡು ಸಾಲು ವಿವರಣೆ. ಮುಗೀತು. ಹತ್ತಕ್ಕೆ ಇಷ್ಟು ಅಂತ ಅಂಕ ಇಲ್ಲ, ಬಣ್ಣದ ಬಾವುಟ ಇಲ್ಲ, ಹೆದರಿಸೋ ಮಾತೂ ಇಲ್ಲ. ನನಗೆ ಇದು ಬಹಳ ಇಷ್ಟ.

ಆದರೆ ಮೊದಲ ವರ್ಷ ಮಾತ್ರ ಸಾಕುಸಾಕಾಗಿತ್ತು. ಆಗ ಪ್ಯಾಚ್ ಅಂದರೆ ಸೋರ್ಸ್ ಕೋಡ್ ಪ್ಯಾಚ್. ಇಡೀ ಸೋರ್ಸ್ ಇಳಿಸಿಕೋ, ಅಸಲಿಯೇ ಅಂತ ಡಿಜಿಟಲ್ ಸಹಿ ಪರೀಕ್ಷೆ ಮಾಡು, ಪ್ಯಾಚ್ ಹಚ್ಚು, ಕಂಪೈಲ್ ಮಾಡು, ಅಂದರೆ ಮೆಷಿನ್ ಓಡಿಸೋ ರೂಪಕ್ಕೆ ತಾ. ಆ ಡಬ್ಬಿಯ ಪುಟ್ಟ ಪ್ರೊಸೆಸರ್ ಕರ್ನಲ್ (ಓಎಸ್‌ನ ತಿರುಳು) ಕಂಪೈಲ್ ಮಾಡುವಷ್ಟರಲ್ಲಿ ನಾನು ಊಟ ಮಾಡಿ, ಪಾತ್ರೆ ತೊಳೆದು, ಇನ್ನೂ ಮುಗಿದಿಲ್ಲ ಅಂತ ನೋಡಿ ಮಲಗುತ್ತಿದ್ದೆ. ಅರ್ಧ ಪ್ಯಾಚ್ ಹಾಕದೇ ಬಿಟ್ಟಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

2017ರ ಏಪ್ರಿಲ್‌ನಲ್ಲಿ 6.1 ಜೊತೆ ಸಿಸ್‌ಪ್ಯಾಚ್ ಬಂತು. ಆ ಒಂದು ಕಮ್ಯಾಂಡ್‌ಗೆ ನಾನು ಕೈ ಮುಗಿಯುತ್ತೇನೆ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಸಿಸ್‌ಪ್ಯಾಚ್ ಅಂತ ಹೊಡೆದರೆ ಬಾಕಿ ಇರೋದನ್ನೆಲ್ಲ ತಾನೇ ಇಳಿಸಿ, ಸಹಿ ನೋಡಿ, ನಂಬರ್ ಪ್ರಕಾರ ಒಂದೊಂದಾಗಿ ಹಾಕುತ್ತೆ. ಮೈನಸ್ ಸಿ ಕೊಟ್ಟರೆ ಏನು ಬಾಕಿ ಇದೆ ಅಂತ ಹೇಳುತ್ತೆ, ಮೈನಸ್ ಎಲ್ ಕೊಟ್ಟರೆ ಏನು ಹಾಕಿಯಾಗಿದೆ ಅಂತ ಹೇಳುತ್ತೆ. ಮೈನಸ್ ಆರ್ ಕೊಟ್ಟರೆ ಕೊನೆಗೆ ಹಾಕಿದ್ದನ್ನು ವಾಪಸ್ ತೆಗೆಯುತ್ತೆ, ಯಾಕೆಂದರೆ ಬದಲಾಯಿಸುವ ಮುಂಚೆ ಹಳೇ ಫೈಲುಗಳನ್ನು ಕಟ್ಟಿ ಎತ್ತಿಟ್ಟಿರುತ್ತೆ. ಇಷ್ಟು ವರ್ಷದಲ್ಲಿ ಹಾಗೆ ವಾಪಸ್ ತೆಗೆಯೋ ಪ್ರಸಂಗ ನನಗೆ ಬಂದಿದ್ದು ಸೊನ್ನೆ ಸಲ.

ಕರ್ನಲ್ ಪ್ಯಾಚ್ ಆಗಿದ್ದರೆ ಇನ್ನೊಂದು ಮಜಾ ಇದೆ. 6.2ರಿಂದ ಇದರ ಕರ್ನಲ್ ಪ್ರತಿ ಸಲ ಬೂಟ್ ಆದಾಗಲೂ ಹಿನ್ನೆಲೆಯಲ್ಲಿ ಮತ್ತೆ ಲಿಂಕ್ ಆಗುತ್ತೆ, ಅಂದರೆ ತುಂಡುಗಳನ್ನು ಮತ್ತೆ ಜೋಡಿಸಿಕೊಳ್ಳುತ್ತೆ, ಒಳಗಿನ ತುಂಡುಗಳ ಕ್ರಮ ಇಸ್ಪೀಟ್ ಎಲೆ ಕಲೆಸಿದ ಹಾಗೆ ಬದಲಾಗುತ್ತೆ. ನನ್ನ ಡಬ್ಬಿಯ ಕರ್ನಲ್ ನಿಮ್ಮ ಡಬ್ಬಿಯ ಹಾಗಿರಲ್ಲ, ನಿನ್ನೆಯ ಹಾಗೂ ಇರಲ್ಲ. ಹಾಗಾಗಿ ಪ್ಯಾಚ್‌ನಲ್ಲಿ ಸಿದ್ಧ ಕರ್ನಲ್ ಬದಲು ತುಂಡುಗಳು ಬರುತ್ತವೆ, ಹೊಲಿಗೆ ನಮ್ಮ ಮೆಷಿನ್‌ದೇ. ಕೊನೆಗೆ ಒಂದು ಸಾಲು ಬರುತ್ತೆ, ಹೊಸ ಕರ್ನಲ್ ಬೇಕಾದರೆ ರೀಬೂಟ್ ಮಾಡಿ ಅಂತ.

ಆ ಸಾಲನ್ನು ನಾನು ಒಂದು ಸಲ ಓದಿ ಬಿಟ್ಟುಬಿಟ್ಟೆ. ಅದರ ಕಥೆ ಇದು.

ಬಂದಿದ್ದು ಕರ್ನಲ್‌ನ ರಿಲಯಬಿಲಿಟಿ ಫಿಕ್ಸ್. ತಾರೀಖು ಹತ್ತೊಂಬತ್ತು. ಆಡಿಟರ್ ಆಫೀಸು ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು: ಇಪ್ಪತ್ತಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸೋಕೆ ಕೊನೇ ದಿನ. ಎರಡು ನಿಮಿಷ ನೆಟ್ ಹೋದರೂ ನನ್ನ ಫೋನ್ ಹೊಡಕೊಳ್ಳುತ್ತೆ. ಪ್ಯಾಚ್ ಹಾಕಿದೆ, ರೀಬೂಟ್ ಇಪ್ಪತ್ತೊಂದಕ್ಕೆ ಮಾಡೋಣ ಅಂದುಕೊಂಡೆ. ಸೆಕ್ಯೂರಿಟಿ ಏನಲ್ವಲ್ಲ, ಮೆಷಿನ್ ಬಿದ್ದರೆ ಎದ್ದೇಳುತ್ತೆ ಬಿಡು ಅಂತ. ಇಪ್ಪತ್ತೊಂದು ಬಂತು, ಹೋಯಿತು. ತಿಂಗಳು ಹೋಯಿತು. ಅಲ್ಲಿ ಯುಪಿಎಸ್ ಬೇರೆ ಚೆನ್ನಾಗಿತ್ತು, ಕರೆಂಟ್ ಹೋದರೂ ಡಬ್ಬಿ ಕದಲುತ್ತಿರಲಿಲ್ಲ. ಜುಲೈ ಮಳೆಯಲ್ಲಿ ಒಂದು ರಾತ್ರಿ ಇಡೀ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟು, ಬೆಳಿಗ್ಗೆ ಡಬ್ಬಿ ತಾನಾಗೇ ಎದ್ದಿತು. ಸುಮ್ನೆ ಒಳಗೆ ಹೋಗಿ ಬೂಟ್ ಸಂದೇಶ ನೋಡಿದೆ. ಕರ್ನಲ್ ಸಾಲಿನಲ್ಲಿ ಜಾಲರಿ ಗುರುತಿನ (#) ಮುಂದಿನ ನಂಬರ್ ಬೇರೆ, ಕಟ್ಟಿದ ತಾರೀಖು ಬೇರೆ. ಅಂದರೆ ಮೂರು ತಿಂಗಳು ಹಳೇ ಕರ್ನಲ್ಲೇ ಓಡಿದೆ! ಅಷ್ಟೂ ದಿನ ಮೈನಸ್ ಎಲ್ ಕೊಟ್ಟಾಗಲೆಲ್ಲ "ಹಾಕಿಯಾಗಿದೆ" ಅಂತಲೇ ತೋರಿಸುತ್ತಿತ್ತು. ಅದು ಸುಳ್ಳೇನಲ್ಲ, ಡಿಸ್ಕ್ ಮೇಲೆ ಹಾಕಿಯಾಗಿತ್ತು. ಓಡುತ್ತಿದ್ದದ್ದು ಬೇರೆ ಅಷ್ಟೇ. ಪ್ಯಾಚ್ ಜಾರಿಗೆ ತಂದಿದ್ದು ನಾನಲ್ಲ, ಮಳೆ.

ಈಗ ಸಿಸ್‌ಸಿಟಿಎಲ್ ಕಮ್ಯಾಂಡ್‌ನಲ್ಲಿ ಕರ್ನ್ ಡಾಟ್ ವರ್ಶನ್, ಅಂದರೆ ಓಡುತ್ತಿರುವ ಕರ್ನಲ್ ಯಾವುದು ಅಂತ ನೋಡದೆ ಕೆಲಸ ಮುಗೀತು ಅಂತ ಹೇಳುವುದಿಲ್ಲ.

ಇದಾದ ಮೇಲೆ ಹಳೇ ಎರಾಟಾ ಓದುತ್ತಾ ಕೂತಾಗ 2007ರ ಒಂದು ಪ್ರಸಂಗ ಸಿಕ್ಕಿತು. ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ಪ್ಯಾಕೆಟ್ ಸಂಭಾಳಿಸುವ ಕರ್ನಲ್ ಕೋಡ್‌ನಲ್ಲಿ ಕೋರ್ ಸೆಕ್ಯುರಿಟಿ ಅನ್ನೋ ಕಂಪನಿಯವರು ತಪ್ಪು ಹಿಡಿದರು. ಪ್ರಾಜೆಕ್ಟ್‌ನವರು ಮೊದಲು ಹಚ್ಚಿದ ಚೀಟಿ "ರಿಲಯಬಿಲಿಟಿ ಫಿಕ್ಸ್". ಮೆಷಿನ್ ಬೀಳುತ್ತೆ ಅಷ್ಟೇ ಅನ್ನೋ ಲೆಕ್ಕ. ಆಮೇಲೆ ಕೋರ್‌ನವರು ಅದೇ ತೂತಿನಿಂದ ತಮ್ಮ ಕೋಡ್ ಓಡಿಸಿ ತೋರಿಸಿದರು. ಚೀಟಿ ಸೆಕ್ಯೂರಿಟಿಗೆ ಬದಲಾಯಿತು. ಜೊತೆಗೆ ಓಪನ್‌ಬಿಎಸ್‌ಡಿಯ ಘೋಷವಾಕ್ಯವೂ ಬದಲಾಯಿತು. ಡೀಫಾಲ್ಟ್ ಇನ್‌ಸ್ಟಾಲ್‌ನಲ್ಲಿ ಹೊರಗಿನಿಂದ ನುಗ್ಗುವ ತೂತು ಒಂದೇ ಒಂದು ಅಂತ ಇದ್ದದ್ದು ಎರಡೇ ಎರಡು ಅಂತ ಆಯಿತು. ಮೊದಲನೆಯದು 2002ರದು, ದೂರದಿಂದ ಮೆಷಿನ್‌ಗೆ ಲಾಗಿನ್ ಆಗೋಕೆ ಬಳಸುವ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಂದು. ನಾನು ಮಾಡಿದ್ದೂ ಅದೇ ಲೆಕ್ಕ ಅಲ್ವಾ, ಬಿದ್ದರೆ ಎದ್ದೇಳುತ್ತೆ ಅಂತ? ಈಗ ಚೀಟಿ ನೋಡಿ ತಾರೀಖು ಮುಂದೆ ಹಾಕೋದು ಬಿಟ್ಟಿದ್ದೇನೆ.

ಪ್ಯಾಚ್ ಎಷ್ಟು ಬೇಗ ಬರುತ್ತೆ ಅಂದರೆ, ಬಹಳ ಸಲ ಬೇಗ. 2019ರ ಡಿಸೆಂಬರ್‌ನಿಂದ 2020ರ ಫೆಬ್ರುವರಿವರೆಗೆ ಕ್ವಾಲಿಸ್ ಅನ್ನೋ ಸೆಕ್ಯೂರಿಟಿ ಕಂಪನಿಯ ಸಂಶೋಧಕರು ಇದರ ಮೇಲೆ ಬಿದ್ದುಬಿಟ್ಟಿದ್ದರು. ಡಿಸೆಂಬರ್‌ನಲ್ಲಿ ಪಾಸ್‌ವರ್ಡ್ ಪರೀಕ್ಷೆಯನ್ನೇ ತಪ್ಪಿಸಿಕೊಂಡು ಹೋಗುವ ತೂತು, ಜನವರಿಯಲ್ಲಿ ಮೇಲ್ ಸರ್ವರ್ ಓಪನ್‌ಎಸ್‌ಎಂಟಿಪಿಡಿಯಲ್ಲಿ ರೂಟ್ ಆಗಿ ಕಮ್ಯಾಂಡ್ ಓಡಿಸುವ ತೂತು, ಫೆಬ್ರುವರಿಯಲ್ಲಿ ಅದೇ ಪ್ರೋಗ್ರಾಂನಲ್ಲಿ ಮತ್ತೊಂದು. ಸುರಕ್ಷತೆಯನ್ನೇ ಕುಲದೇವರು ಮಾಡಿಕೊಂಡ ಓಎಸ್‌ನಲ್ಲಿ ಇದೇನಪ್ಪಾ ಅಂತ ನನಗೂ ಅನಿಸಿತು. ಆದರೆ ಡೀಫಾಲ್ಟ್ ಆಗಿ ಆ ಮೇಲ್ ಸರ್ವರ್ ಮೆಷಿನ್ ಒಳಗಿನ ಮಾತು ಮಾತ್ರ ಕೇಳುತ್ತೆ, ಹೊರಗಿನವರಿಗೆ ಬಾಗಿಲು ತೆಗೆಯಲ್ಲ, ಪ್ಯಾಚೂ ತಡ ಮಾಡದೆ ಬಂತು. ಆ ಮೂರು ತಿಂಗಳು ನಾನು ರೀಬೂಟ್ ಮಾಡಿದಷ್ಟು ಸಲ ಭಾವ ನನ್ನ ಯೋಗಕ್ಷೇಮ ಕೂಡ ವಿಚಾರಿಸಿಲ್ಲ.

ತಡ ಆಗಿದ್ದೂ ಇದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರ್ ತೂತು ಹೊರಬಿದ್ದಾಗ ದೊಡ್ಡ ದೊಡ್ಡವರಿಗೆಲ್ಲ ಮುಂಚೆಯೇ ಗೊತ್ತಿತ್ತು, ಇವರಿಗೆ ಯಾರೂ ಹೇಳಿರಲಿಲ್ಲ. 6.2ಕ್ಕೆ ಪ್ಯಾಚ್ ಬರುವಾಗ ಮಾರ್ಚ್ ಆಗಿತ್ತು. ಅದೇ ವರ್ಷ ಜೂನ್‌ನಲ್ಲಿ ಒಂದೇ ಪ್ರೊಸೆಸರ್ ಕೋರ್ ಎರಡರ ಹಾಗೆ ಕೆಲಸ ಮಾಡುವ ಇಂಟೆಲ್‌ನ ಹೈಪರ್‌ಥ್ರೆಡಿಂಗನ್ನೇ ಡೀಫಾಲ್ಟ್ ಆಗಿ ಬಂದ್ ಮಾಡಿಬಿಟ್ಟರು. ಸ್ಪೀಡ್ ಬೇಕು ಅನ್ನುವವರಿಗೆ ಇದು ಸಿಟ್ಟು ತರಿಸುತ್ತೆ. ನನಗೆ ಒಂದು ಆಫೀಸಿನ ರೌಟರ್, ಸ್ಪೀಡ್ ಯಾರಿಗೆ ಬೇಕು.

2024ರ ಜುಲೈ 1 ನೆನಪಿದೆಯಾ? ರಿಗ್ರೆಶನ್ ಅಂತ ಓಪನ್‌ಎಸ್‌ಎಸ್‌ಎಚ್ ತೂತು. ಕೆಲಸದಲ್ಲಿ ನಮ್ಮ ಲಿನಕ್ಸ್ ಸರ್ವರ್‌ಗಳಿಗೆ ಪ್ಯಾಚ್ ಹಾಕುತ್ತಾ ರಾತ್ರಿ ಹನ್ನೊಂದಾಯಿತು. ಶಿವಮೊಗ್ಗದ ಡಬ್ಬಿಗೆ ಅದು ತಟ್ಟಲೇ ಇಲ್ಲ. ತೂತು ಇದ್ದದ್ದು ಸಿಗ್ನಲ್ (ಪ್ರೋಗ್ರಾಂ ಅನ್ನು ನಡುವೆ ತಡೆಯುವ ಸೂಚನೆ) ಬಂದ ಹೊತ್ತಲ್ಲಿ ಲಾಗ್, ಅಂದರೆ ದಾಖಲೆ ಬರೆಯೋ ಕಡೆ; ಅದಕ್ಕೆ ಅಪಾಯವಿಲ್ಲದ ಬೇರೆ ದಾರಿಯನ್ನು ಓಪನ್‌ಬಿಎಸ್‌ಡಿಯವರು 2001ರಲ್ಲೇ ಮಾಡಿಕೊಂಡಿದ್ದರು. ಓಪನ್‌ಎಸ್‌ಎಸ್‌ಎಚ್ ಬರೆಯುವವರೂ ಇವರೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಸರಿ, ಬೈಯೋದಕ್ಕೆ ಬರೋಣ.

ಅದಾಗೇ ಪ್ಯಾಚ್ ಹಾಕಿಕೊಳ್ಳುವ ಏರ್ಪಾಡು ಇಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮ್ಯಾಂಡ್ ಓಡಿಸುವ ಸೌಲಭ್ಯ) ಸಿಸ್‌ಪ್ಯಾಚ್ ಮೈನಸ್ ಸಿ ಓಡಿಸಿ, ಏನಾದರೂ ಬಾಕಿ ಇದ್ದರೆ ನನಗೆ ಮೇಲ್ ಬರುವ ಹಾಗೆ ಮಾಡಿಕೊಂಡಿದ್ದೇನೆ. ಸರ್ವಿಸ್ ರೀಸ್ಟಾರ್ಟ್ ಮಾಡೋದೂ ನಮ್ಮ ತಲೆನೋವು. 2024ರ ಫೆಬ್ರುವರಿಯಲ್ಲಿ ಕೀಟ್ರ್ಯಾಪ್ ಅಂತ ಡಿಎನ್‌ಎಸ್ (ಸೈಟಿನ ಹೆಸರಿಂದ ವಿಳಾಸ ಹುಡುಕುವ ವ್ಯವಸ್ಥೆ) ತೊಂದರೆ ಬಂತು, ಬೇಕಂತಲೇ ಕೆಟ್ಟದಾಗಿ ಕಟ್ಟಿದ ಒಂದು ಉತ್ತರ ಕಳಿಸಿದರೆ ಪಾಪದ ಸಿಪಿಯು ಲೆಕ್ಕ ಮಾಡುತ್ತಲೇ ಕೂರುತ್ತೆ. ನಮ್ಮಲ್ಲಿ ಅನ್‌ಬೌಂಡ್ ಅನ್ನೋ ಡಿಎನ್‌ಎಸ್ ಪ್ರೋಗ್ರಾಂ ಓಡುತ್ತಿದ್ದುದರಿಂದ ಅದು ನೇರ ನಮಗೇ ಬಂದ ಪ್ಯಾಚ್. ಹಾಕಿದ ಮೇಲೆ ಅನ್‌ಬೌಂಡನ್ನು ಕೈಯಾರೆ ರೀಸ್ಟಾರ್ಟ್ ಮಾಡಿದೆ, ರೀಬೂಟ್ ಬೇಕಾಗಲಿಲ್ಲ.

ಸಿದ್ಧ ಪ್ಯಾಚ್ ಸಿಗೋದು ಎಎಂಡಿ64, ಐ386, ಆರ್ಮ್64ಕ್ಕೆ ಮಾತ್ರ. ಬೇರೆ ಪ್ರೊಸೆಸರ್ ಡಬ್ಬಿ ತಗೊಂಡರೆ ವಾಪಸ್ ಕಂಪೈಲ್ ಪುರಾಣ. ಇನ್ನು ಸಿಸ್‌ಪ್ಯಾಚ್ ನೋಡಿಕೊಳ್ಳೋದು ಮೂಲ ಸಿಸ್ಟಂ ಅಷ್ಟೇ, ಹೊರಗಿನಿಂದ ಹಾಕಿದ ಪ್ಯಾಕೇಜ್‌ಗಳಿಗೆ ಪಿಕೆಜಿ ಆ್ಯಡ್ ಮೈನಸ್ ಯು ಅನ್ನೋ ಬೇರೆ ಕಮ್ಯಾಂಡ್. ಜಾಗದ ವಿಷಯದಲ್ಲೂ ಹುಷಾರು: ಸಣ್ಣ ಡಿಸ್ಕ್‌ನಲ್ಲಿ ಯುಎಸ್‌ಆರ್ ಪಾರ್ಟಿಶನ್‌ಗೆ (ಸಿಸ್ಟಂನ ಪ್ರೋಗ್ರಾಂಗಳು ಕೂರುವ ಭಾಗ) ನಾನು ಜಿಪುಣತನ ಮಾಡಿದ್ದೆ, ಒಂದು ದಿನ ಪ್ಯಾಚ್ ಹಾಕುವಾಗ ಜಾಗ ಇಲ್ಲ ಅಂತ ನಿಂತುಬಿಟ್ಟಿತು. ತಪ್ಪು ನನ್ನದೇ.

ವರ್ಷದ ಆಯಸ್ಸು ಕೆಲವರಿಗೆ ತೊಂದರೆ ಅನಿಸಬಹುದು. 2019ರ 6.6ರಿಂದ ಸಿಸ್‌ಅಪ್‌ಗ್ರೇಡ್ ಬಂದ ಮೇಲೆ ಹೊಸ ಆವೃತ್ತಿಗೆ ಹೋಗೋದು ಒಂದು ಕಮ್ಯಾಂಡ್ ಮತ್ತು ಒಂದು ಕಾಫಿಯ ಕೆಲಸ. ಆದರೆ ಒಂದು ಆವೃತ್ತಿ ಹಾರಿ ಮುಂದಿನದಕ್ಕೆ ಹೋಗುವ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗೇ ಹತ್ತಬೇಕು.

ನನ್ನ ದೊಡ್ಡ ದೂರು ಪ್ಯಾಚ್ ಮೇಲಲ್ಲ, ಫೈಲ್ ಸಿಸ್ಟಂ ಮೇಲೆ. ಇದರಲ್ಲಿ ಜರ್ನಲಿಂಗ್, ಅಂದರೆ ಮಾಡಹೊರಟ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಏರ್ಪಾಡು ಇಲ್ಲ. ದಿಢೀರ್ ಕರೆಂಟ್ ಹೋದರೆ ಮುಂದಿನ ಬೂಟ್‌ನಲ್ಲಿ ಡಿಸ್ಕ್ ತಪಾಸಣೆಯ ಪ್ರೋಗ್ರಾಂ ಎಫ್‌ಎಸ್‌ಸಿಕೆ ಓಡುತ್ತೆ. ಸಾಮಾನ್ಯವಾಗಿ ತಾನೇ ಸರಿ ಮಾಡಿಕೊಳ್ಳುತ್ತೆ, ಅಪರೂಪಕ್ಕೆ ಮನುಷ್ಯರು ಬೇಕು ಅಂತ ನಿಂತುಬಿಡುತ್ತೆ. ಹಾಗೆ ನಿಂತ ದಿನ ಭಾವ ಫೋನ್ ಮಾಡಿದರು.

"ಏನೋ ಮಾರಾಯ, ನೆಟ್ ಇಲ್ಲ. ಮಾನಿಟರ್ ಸಿಕ್ಕಿಸಿ ನೋಡಿದ್ರೆ ಇಂಗ್ಲಿಷಲ್ಲಿ ಏನೋ ಬೈತಾ ಇದೆ."

"ಭಾವ, ಎಂಟರ್ ಒತ್ತಿ. ಈಗ ಎಫ್, ಎಸ್, ಸಿ, ಕೆ. ಒಂದು ಜಾಗ ಬಿಡಿ. ಮೈನಸ್, ವೈ."

"ಜಾಗ ಎಲ್ಲಿ ಬಿಡೋದು?"

"ಸ್ಪೇಸ್ ಭಾವ, ಸ್ಪೇಸ್. ಉದ್ದದ ಗುಂಡಿ."

ಇಪ್ಪತ್ತು ನಿಮಿಷ ಹಿಡಿಯಿತು, ಅದರಲ್ಲಿ ಹದಿನೈದು ನಿಮಿಷ ಮೈನಸ್ ಹುಡುಕೋಕೆ. ಆಮೇಲೆ ಹೊಸ ಯುಪಿಎಸ್ ಬ್ಯಾಟರಿ ತರಿಸಿದರು.

ದುಡ್ಡಿನ ಮಾತು: ಪೂರ್ತಿ ಉಚಿತ. ಓಪನ್‌ಬಿಎಸ್‌ಡಿ ಫೌಂಡೇಶನ್‌ಗೆ ವರ್ಷಕ್ಕೊಮ್ಮೆ ಏನಾದರೂ ಕಳಿಸೋಣ ಅಂತ ಭಾವನನ್ನು ಒಪ್ಪಿಸಿದ್ದೇನೆ. ಆಡಿಟರ್ ಅಲ್ವಾ, ಕೆನಡಾದ ಸಂಸ್ಥೆಗೆ ಕೊಟ್ಟರೆ 80ಜಿ ತೆರಿಗೆ ವಿನಾಯಿತಿ ಸಿಗಲ್ಲ ಅಂತ ನೆನಪಾಗಿ ಮುಖ ಸಣ್ಣ ಮಾಡಿದರು, ಆದರೂ ಕಳಿಸಿದರು.

ಕಮ್ಯಾಂಡ್ ಲೈನ್ ಕಂಡರೆ ಮೈ ಉರಿಯುವವರಿಗೆ ಇದು ಬೇಡ. ನೋಡಿಕೊಳ್ಳೋಕೆ ಮನೆಯಲ್ಲಿ ಒಬ್ಬ ಭಾಮೈದ ಇಲ್ಲದವರಿಗೂ ಬೇಡ. ಉಳಿದವರಿಗೆ ಧಾರಾಳವಾಗಿ ಹೇಳುತ್ತೇನೆ, ಹಾಕಿ. ಐದಕ್ಕೆ ನಾಲ್ಕೂವರೆ, ಅರ್ಧ ಕಳೆದಿದ್ದು ಎಫ್‌ಎಸ್‌ಸಿಕೆಗೆ.

ಇದನ್ನು ಬರೆಯೋ ಹೊತ್ತಿಗೆ ಬೆಳಗಿನ ಮೇಲ್ ಬಂದಿದೆ, ಒಂದು ಪ್ಯಾಚ್ ಬಾಕಿ. ಕರ್ನಲ್‌ದೇ. ಇವತ್ತು ತಾರೀಖು ಮತ್ತೆ ಹತ್ತೊಂಬತ್ತು. ಪ್ಯಾಚ್ ಹಾಕಿಯಾಯಿತು, "ಮಧ್ಯಾಹ್ನ ಊಟದ ಹೊತ್ತಿಗೆ ಮೂರು ನಿಮಿಷ ನೆಟ್ ಹೋಗುತ್ತೆ ಭಾವ" ಅಂತ ವಾಟ್ಸಾಪ್ ಮಾಡಿದ್ದೇನೆ. ಇನ್ನೂ ನೀಲಿ ಟಿಕ್ ಬಿದ್ದಿಲ್ಲ.